ಆಮೆಯ ಹೊಟ್ಟೆಹುಳು: ಮನೆಯಲ್ಲೇ ಔಷಧಿ ಕೊಡಬಹುದೇ?

ಹೇಮಾವತಿಯ ಮಗಳು (ಲೆಸ್ಟರ್, ಇಂಗ್ಲೆಂಡ್)

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಒಂದು ಹರ್ಮನ್ ಆಮೆ ಇದೆ. ಪಕ್ಕದ ಮನೆಯ ಅಜ್ಜ ವೃದ್ಧಾಶ್ರಮ ಸೇರುವಾಗ ನಮ್ಮ ಕೈಗೆ ಒಪ್ಪಿಸಿ ಹೋದದ್ದು. ಮೈಕ್ರೋಚಿಪ್, ಕಾಗದಪತ್ರ ಎಲ್ಲವೂ ಕ್ರಮವಾಗಿವೆ. ನಾವು ಅದನ್ನು ಗುಂಡ ಎಂದು ಕರೆಯುತ್ತೇವೆ.

ಉಗುರುಬೆಚ್ಚಗಿನ ನೀರಿನಲ್ಲಿ ಬಿಟ್ಟಾಗ ಅದು ಹಿಕ್ಕೆ ಹಾಕಿತು. ನೀರು ಚೆಲ್ಲುವ ಮೊದಲು ನೋಡಿದರೆ ಅರ್ಧ ಸೆಂಟಿಮೀಟರ್ ಕೂಡ ಇಲ್ಲದ ಬಿಳಿ ಎಳೆಗಳು. ಮೊಬೈಲ್ ಬೆಳಕು ಬಿಟ್ಟು ನೋಡಿದಾಗ ನುಲಿಯುತ್ತಿದ್ದವು. ಜೊತೆಗೆ ಬಿಳಿಯ, ಹಿಟ್ಟು ಕಲಸಿದಂಥ ಲೋಳೆಯೂ ಇತ್ತು. ಗುಂಡ ತಿನ್ನುತ್ತಿದೆ, ಓಡಾಡುತ್ತಿದೆ. ಆದರೆ ಈಚೆಗೆ ತೂಕ ಸ್ವಲ್ಪ ಇಳಿದಿದೆ, ಈಗ 640 ಗ್ರಾಂ.

ಇಲ್ಲಿ ಆಮೆ ನೋಡುವ ವೈದ್ಯರು ಕಡಿಮೆ, ಮುಂದಿನ ವಾರದ ಕೊನೆಗೆ ಸಮಯ ಸಿಕ್ಕಿದೆ. ಮನೆಯಲ್ಲಿ ನಾಯಿಗೆಂದು ತಂದಿದ್ದ ಫೆನ್‌ಬೆಂಡಜೋಲ್ ಎಂಬ ಜಂತುಹುಳುವಿನ ಔಷಧಿಯ ದ್ರಾವಣದ ಬಾಟಲಿ ಇದೆ. ಅದನ್ನೇ ಕೊಡಬಹುದೇ? ಎಷ್ಟು? ಅಲ್ಲಿಯವರೆಗೆ ಸುಮ್ಮನೆ ಕೂರಲು ಮನಸ್ಸು ಒಪ್ಪುತ್ತಿಲ್ಲ.

ಬೇವಿನಮರ (ಮಂಡ್ಯ)

ತಂಗಿ, ರಾಸಾಯನಿಕ ಔಷಧಿಗೆ ಕೈ ಹಾಕುವ ಮೊದಲು ಪಪ್ಪಾಯಿ ಬೀಜ ಒಣಗಿಸಿ ಪುಡಿ ಮಾಡಿ ಸೊಪ್ಪಿನ ಮೇಲೆ ಉದುರಿಸಿ ನೋಡು. ನಮ್ಮ ಕಡೆ ಮಕ್ಕಳ ಹೊಟ್ಟೆಹುಳುವಿಗೂ ಇದೇ. ಎಳೆ ಬೇವಿನ ಸೊಪ್ಪು ಅರೆದು ಕೊಟ್ಟರೂ ಆದೀತು. ಹೊಟ್ಟೆ ತಾನಾಗಿಯೇ ಶುದ್ಧವಾಗುತ್ತದೆ.

ಮಲಪ್ರಭಾ (ಸವದತ್ತಿ)

ನಮ್ಮಲ್ಲಿ ಎಮ್ಮೆ, ಆಡು, ನಾಯಿ ಎಲ್ಲಕ್ಕೂ ಐವರ್‌ಮೆಕ್ಟಿನ್ ಕೊಡುತ್ತೇವೆ. ಉಣ್ಣೆ, ಹುಳು, ಕಜ್ಜಿ ಎಲ್ಲ ಒಂದೇ ಏಟಿಗೆ ಹೋಗುತ್ತವೆ. ಆಮೆ ಚಿಕ್ಕದು, ಒಂದೆರಡು ಹನಿ ಸಾಕಾಗಬಹುದು.

ಪಶುವೈದ್ಯೆ (ಬೆಂಗಳೂರು)

ಮಲಪ್ರಭಾ ಅವರೇ, ನಿಮ್ಮ ಎಮ್ಮೆಗಳ ಮಟ್ಟಿಗೆ ನೀವು ಹೇಳಿದ್ದು ಸರಿ. ಆಮೆಯ ಮಟ್ಟಿಗೆ ಅದು ವಿಷ. ಈ ಚರ್ಚೆಯನ್ನು ಅವಸರದಲ್ಲಿ ಓದುವವರು ಬೇರೇನನ್ನು ಬಿಟ್ಟರೂ ಇದೊಂದನ್ನು ಓದಲಿ: ಆಮೆಗೆ ಐವರ್‌ಮೆಕ್ಟಿನ್ ಕೊಡಲೇಬಾರದು. ಹನಿಯೂ ಬೇಡ, ಚುಚ್ಚುಮದ್ದೂ ಬೇಡ, ಚಿಪ್ಪಿನ ಮೇಲೆ ಸವರುವುದೂ ಬೇಡ.

ಈ ಔಷಧಿ ಹುಳುವಿನ ನರಗಳನ್ನು ಸ್ತಬ್ಧಗೊಳಿಸಿ ಕೊಲ್ಲುತ್ತದೆ. ದನ, ನಾಯಿ, ಮನುಷ್ಯರಲ್ಲಿ ಅದು ಮಿದುಳಿಗೆ ನುಗ್ಗದಂತೆ ರಕ್ತ ಮತ್ತು ಮಿದುಳಿನ ನಡುವೆ ಒಂದು ತಡೆ ಇದೆ. ಆ ತಡೆ ದುರ್ಬಲವಾಗಿರುವ ಕಾಲಿ ಜಾತಿಯ ಕೆಲವು ನಾಯಿಗಳು ಹೆಚ್ಚಿನ ಪ್ರಮಾಣಕ್ಕೆ ಕುಸಿಯುವುದು ಇದೇ ಕಾರಣಕ್ಕೆ. ಆಮೆಗಳಲ್ಲಿ ಔಷಧಿ ಒಳಗೆ ಹೊಕ್ಕು ಅವುಗಳ ನರಗಳನ್ನೇ ಹಿಡಿಯುತ್ತದೆ. ಮೊದಲು ಕತ್ತು ಜೋಲುತ್ತದೆ, ಆಮೇಲೆ ಕಾಲುಗಳು ಸೋಲುತ್ತವೆ, ಕೊನೆಗೆ ಉಸಿರಾಡುವ ಸ್ನಾಯುಗಳು. ಇದಕ್ಕೆ ಪ್ರತಿವಿಷ ಇಲ್ಲ. 1983ರಲ್ಲೇ ಟೀರ್ ಮತ್ತು ಬುಷ್ ಎಂಬ ಪಶುವೈದ್ಯರು ಹಲವು ಜಾತಿಯ ಆಮೆಗಳಲ್ಲಿ ಇದನ್ನು ಪರೀಕ್ಷಿಸಿ ಎಚ್ಚರಿಕೆ ಕೊಟ್ಟಿದ್ದಾರೆ. ದನಕ್ಕೆ ನಾವು ಕಿಲೋಗೆ 0.2 ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತೇವೆ. ಅದಕ್ಕಿಂತ ಬಹಳ ಕಡಿಮೆ ಪ್ರಮಾಣವೂ ಆಮೆಯನ್ನು ಮಲಗಿಸಬಲ್ಲದು. ಈ ಔಷಧಿಯ ಮೂಲ ಸಂಶೋಧನೆಗೆ 2015ರಲ್ಲಿ ನೊಬೆಲ್ ಬಂದಿದೆ, ಕೋಟ್ಯಂತರ ಜನರ ಕಣ್ಣು ಉಳಿಸಿದ ಔಷಧಿ ಅದು. ಆದರೆ ಆಮೆಯ ಪಾಲಿಗೆ ಅಲ್ಲ.

ಬೇವಿನಮರ ಅವರೇ, ಪಪ್ಪಾಯಿ ಬೀಜ, ಬೇವು, ಕುಂಬಳ ಬೀಜ ಯಾವುದೂ ಆಮೆಯ ಹುಳುವನ್ನು ಖಚಿತವಾಗಿ ತೆಗೆದುಹಾಕುತ್ತದೆ ಎಂದು ನಾನು ಹೇಳಲಾರೆ. ಬೀಜದ ಜೊತೆಗೆ ಹಣ್ಣೂ ಹೋದರೆ ಹರ್ಮನ್ ಆಮೆಗೆ ಕೆಡುಕೇ. ಅದು ಮೆಡಿಟರೇನಿಯನ್ ಪ್ರದೇಶದ ಒಣ ನೆಲದಲ್ಲಿ ಕಳೆ ಮೇಯುವ ಜೀವಿ. ಸಿಹಿ ಬಿದ್ದರೆ ಅದರ ಕರುಳಿನಲ್ಲಿ ಹುಳಿಯೇಳುತ್ತದೆ, ಏಕಕೋಶ ಪರೋಪಜೀವಿಗಳು ಮಿತಿಮೀರಿ ಹೆಚ್ಚುತ್ತವೆ.

ಹೇಮಾವತಿಯ ಮಗಳೇ, ಬಾಟಲಿಯನ್ನು ಸದ್ಯಕ್ಕೆ ಮುಚ್ಚಿಡಿ. ಕೆಲವು ಪ್ರಶ್ನೆಗಳಿವೆ. ದೀಪದ ಕೆಳಗೆ ಉಷ್ಣತೆ ಎಷ್ಟು? ನೆರಳಿನ ಕಡೆ ಎಷ್ಟು? ಏನು ತಿನ್ನುತ್ತದೆ? ಅಜ್ಜನ ಮನೆಯಲ್ಲಿ ಏನು ತಿನ್ನುತ್ತಿತ್ತು? ಬೇರೆ ಆಮೆಗಳ ಜೊತೆ ಇತ್ತೇ? ಮತ್ತೆ ಆ ಬಿಳಿ ಲೋಳೆಯ ವಿಷಯ: ಬೆರಳಿಗೆ ನುಣ್ಣಗೆ ಸಿಗುತ್ತದೆಯೋ, ಮರಳಿನಂತೆ ತರಿತರಿಯಾಗಿದೆಯೋ?

ಹೇಮಾವತಿಯ ಮಗಳು

ಡಾಕ್ಟರೇ, ಇಷ್ಟು ಬೇಗ ಉತ್ತರಿಸಿದ್ದಕ್ಕೆ ಧನ್ಯವಾದ. ದೀಪದ ಕೆಳಗೆ 27 ಡಿಗ್ರಿ, ಇನ್ನೊಂದು ತುದಿಯಲ್ಲಿ 18. ನಾವು ಡ್ಯಾಂಡೆಲಿಯನ್ (ಹಳದಿ ಹೂವಿನ ಕಳೆಗಿಡ) ಎಲೆ, ಅಂಗಡಿಯ ಸೊಪ್ಪು ಕೊಡುತ್ತಿದ್ದೇವೆ. ಅಜ್ಜ ಟೊಮೆಟೊ, ಬಾಳೆಹಣ್ಣು ಕೊಡುತ್ತಿದ್ದರಂತೆ. ಅವರ ಬಳಿ ಇನ್ನೊಂದು ಆಮೆಯೂ ಇತ್ತು, ಎರಡಕ್ಕೂ ಒಂದೇ ಪುಟ್ಟ ಆವರಣ. ಲೋಳೆ ಮುಟ್ಟಿದರೆ ತರಿತರಿ.

ಪಶುವೈದ್ಯೆ

ಬಹುಪಾಲು ಉತ್ತರ ಇದರಲ್ಲೇ ಇದೆ.

ಮೊದಲಿಗೆ ಆ ಲೋಳೆ ಹುಳುವೂ ಅಲ್ಲ, ಕಫವೂ ಅಲ್ಲ. ಅದು ಯೂರೇಟ್, ಆಮೆಯ ಮೂತ್ರದ ಘನ ಭಾಗ. ನೀರು ಸಾಕಷ್ಟಿದ್ದರೆ ಅದು ನುಣುಪಾಗಿರುತ್ತದೆ. ತರಿಯಾಗಿದ್ದರೆ ಮೈಯಲ್ಲಿ ನೀರು ಕಡಿಮೆ ಎಂದು ಅರ್ಥ. ಬಾಯಾರಿದ ಆಮೆಗೆ ಜಂತುಹುಳುವಿನ ಔಷಧಿ ಕೊಡಬಾರದು, ಮೊದಲು ನೀರು. ದಿನವೂ ಉಗುರುಬೆಚ್ಚಗಿನ ನೀರಿನಲ್ಲಿ, ಕೆಳದವಡೆ ಮುಟ್ಟುವ ಮಟ್ಟಕ್ಕೆ, ಇಪ್ಪತ್ತು ನಿಮಿಷ ಬಿಡಿ. ಎದುರಿಗೆ ಕುಳಿತಿರಿ, ಬಿಟ್ಟು ಹೋಗಬೇಡಿ.

ಎರಡನೆಯದು, 27 ಡಿಗ್ರಿ ಸಾಲದು. ದೀಪದ ನೇರ ಕೆಳಗೆ 32ರಿಂದ 35 ಬೇಕು, ಬಿಸಿಲಿನಲ್ಲಿರುವಂಥ ಯುವಿಬಿ (ಅತಿನೇರಳೆ) ಬೆಳಕೂ ಬೇಕು. ಆಮೆಗೆ ತನ್ನದೇ ಮೈಬಿಸಿ ಇಲ್ಲ. ಕರುಳು ಚಲಿಸುವುದು, ಆಹಾರ ಜೀರ್ಣವಾಗುವುದು, ಸೋಂಕಿನ ವಿರುದ್ಧ ರಕ್ತ ಕೆಲಸ ಮಾಡುವುದು, ಕೊಟ್ಟ ಔಷಧಿ ಕರಗಿ ಹೊರಹೋಗುವುದು ಎಲ್ಲವೂ ಹೊರಗಿನ ಶಾಖವನ್ನೇ ಕಾಯುತ್ತವೆ. ತಣ್ಣಗಿರುವ ಆಮೆಗೆ ಔಷಧಿ ಕೊಟ್ಟರೆ ಅದು ಎಷ್ಟು ಹೊತ್ತು ಮೈಯಲ್ಲಿ ಉಳಿಯುತ್ತದೆ ಎಂಬ ಲೆಕ್ಕವೇ ತಪ್ಪುತ್ತದೆ.

ಮೂರನೆಯದು, ಹಿಕ್ಕೆಯ ಪರೀಕ್ಷೆ. ನೀವು ಕಂಡದ್ದು ಬಹುಮಟ್ಟಿಗೆ ಸೂಜಿಹುಳು, ಆಕ್ಸಿಯೂರಿಡ್ ಗುಂಪಿನದು. ಆದರೆ ಕಣ್ಣಿಗೆ ಕಂಡದ್ದಷ್ಟೇ ಒಳಗಿರುವುದಿಲ್ಲ. ಬೆರಳುದ್ದ ಬೆಳೆಯುವ ದುಂಡುಹುಳುವೂ ಇರಬಹುದು, ಅದು ಗುಂಪಾಗಿ ಸೇರಿ ಕರುಳನ್ನೇ ಕಟ್ಟಬಲ್ಲದು. ಏಕಕೋಶ ಜೀವಿಗಳ ಪೈಕಿ ಹೆಕ್ಸಾಮಿಟಾ ಮೂತ್ರಪಿಂಡಕ್ಕೆ ಹತ್ತುತ್ತದೆ, ಅದಕ್ಕೆ ಫೆನ್‌ಬೆಂಡಜೋಲ್ ಔಷಧಿಯಲ್ಲ. ಇನ್ನೂ ಎಷ್ಟೋ ಜೀವಿಗಳು ಅಲ್ಲಿರಬೇಕಾದವೇ. ಯಾವುದು ಎಷ್ಟಿದೆ ಎಂದು ಸೂಕ್ಷ್ಮದರ್ಶಕ ಹೇಳಿದ ಮೇಲೆ ಔಷಧಿಯ ಮಾತು. ತಿನ್ನುತ್ತಾ ಓಡಾಡುತ್ತಾ ಇರುವ ಆಮೆಗೆ ಒಂದು ವಾರ ಕಾಯುವುದರಿಂದ ಏನೂ ಆಗದು.

ಕಾಯಬಾರದ ಲಕ್ಷಣಗಳೂ ಇವೆ: ಶಾಖ ಸರಿಯಿದ್ದೂ ಊಟ ಬಿಡುವುದು, ಕಣ್ಣು ಗುಳಿಬೀಳುವುದು, ಹಿಕ್ಕೆಯಲ್ಲಿ ರಕ್ತ ಅಥವಾ ವಿಪರೀತ ದುರ್ವಾಸನೆ, ಕಾಲುಗಳಲ್ಲಿ ಕಸುವಿಲ್ಲದಿರುವುದು, ಬಾಯಿ ತೆರೆದು ಉಸಿರಾಡುವುದು, ಹಿಂಬದಿಯಿಂದ ಮಾಂಸದಂಥದ್ದು ಹೊರಬರುವುದು. ಇವುಗಳಲ್ಲಿ ಒಂದು ಕಂಡರೂ ಅಂದೇ ತುರ್ತು ವೈದ್ಯರ ಬಳಿ ಹೋಗಿ.

ಚಿಪ್ಪಿನ ಸಂಗಾತಿ (ಮ್ಯೂನಿಕ್)

ಅಕ್ಕ, ಮಾದರಿ ಹಿಡಿಯುವ ಕೆಲಸ ಚೆನ್ನಾಗಿ ಮಾಡಿದರೆ ಅರ್ಧ ಚಿಕಿತ್ಸೆ ಮನೆಯಲ್ಲೇ ಆದಂತೆ, ಅದಕ್ಕೇ ವಿವರವಾಗಿ ಬರೆಯುತ್ತೇನೆ.

ಸ್ನಾನಕ್ಕೆಂದೇ ಬೇರೆ ಪಾತ್ರೆ ಇಡಿ, ಅಡುಗೆಮನೆಯದನ್ನು ಬಳಸಬೇಡಿ. ಬೆಳಿಗ್ಗೆ ದೀಪದ ಕೆಳಗೆ ಮೈ ಬಿಸಿಯಾದ ಮೇಲೆ ನೀರಿಗೆ ಬಿಟ್ಟರೆ ಹಿಕ್ಕೆ ಬೇಗ ಬೀಳುತ್ತದೆ. ಬಿದ್ದ ತಕ್ಷಣ ಚಮಚದಿಂದ ಎತ್ತಿ ಮುಚ್ಚಳವಿರುವ ಚಿಕ್ಕ ಡಬ್ಬಿಗೆ ಹಾಕಿ, ನೀರಿನಲ್ಲಿ ನೆನೆಯುತ್ತಾ ಬಿಡಬೇಡಿ. ಮಣ್ಣಿನ ಮೇಲೆ ಬಿದ್ದದ್ದು ಬೇಡ: ಮಣ್ಣಿನ ನುಸಿಗಳ ಮೊಟ್ಟೆ, ಹೂವಿನ ಪರಾಗ ಎಲ್ಲ ಸೇರಿಕೊಂಡು ನೋಡುವವರನ್ನು ದಾರಿ ತಪ್ಪಿಸುತ್ತವೆ. ಹುಳುವಿನ ಮೊಟ್ಟೆಗಳಾದರೆ ಫ್ರಿಜ್ಜಿನಲ್ಲಿ ಒಂದೆರಡು ದಿನ ಇಟ್ಟರೂ ಕೆಡುವುದಿಲ್ಲ, ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ. ಏಕಕೋಶ ಜೀವಿಗಳ ಕಥೆ ಬೇರೆ. ಅವು ಈಜಾಡುವಾಗಲೇ ಗುರುತು ಸಿಗುವುದು, ತಣ್ಣಗಾದರೆ ಸತ್ತು ಕಾಣದಾಗುತ್ತವೆ. ಅದಕ್ಕೆ ವೈದ್ಯರನ್ನು ನೋಡುವ ದಿನವೇ ತಾಜಾ ಮಾದರಿಯನ್ನು ಬೆಚ್ಚಗೆ ಒಯ್ಯಬೇಕು. ಇಂಗ್ಲೆಂಡಿನಲ್ಲಿ ಅಂಚೆ ಮೂಲಕ ಮಾದರಿ ತರಿಸಿಕೊಂಡು ಮೊಟ್ಟೆ ಎಣಿಸುವ ಪ್ರಯೋಗಾಲಯಗಳಿವೆ. ಹುಳುವಿಗೆ ಅದು ಸಾಕು, ಏಕಕೋಶ ಜೀವಿಗಳಿಗೆ ಸಾಲದು.

ತೂಕವನ್ನು ಗ್ರಾಂ ತೋರಿಸುವ ತಕ್ಕಡಿಯಲ್ಲಿ, ಸ್ನಾನಕ್ಕೆ ಮೊದಲು, ದಿನದ ಅದೇ ಹೊತ್ತಿನಲ್ಲಿ ನೋಡಿ ಬರೆದಿಡಿ. ಆಮೆ ಒಮ್ಮೆ ನೀರು ಕುಡಿದರೆ, ಮೂತ್ರ ಬಿಟ್ಟರೆ ತೂಕ ಗಮನಾರ್ಹವಾಗಿ ಏರಿಳಿಯುತ್ತದೆ. ಒಂದು ದಿನದ ಅಂಕಿ ನೋಡಿ ಹೆದರಬೇಡಿ, ವಾರಗಳ ಜಾಡು ನೋಡಿ.

ಇನ್ನು ನನ್ನ ಮನಸ್ಸಿನ ಮಾತು. ಹುಳು ಕಂಡ ಕೂಡಲೇ ಕೊಲ್ಲಬೇಕು ಎಂಬ ತುಡಿತವನ್ನು ನಾನು ಒಪ್ಪುವುದಿಲ್ಲ. 1963ರಲ್ಲಿ ಜಿ. ಎ. ಶಾಡ್ ಎಂಬ ವಿಜ್ಞಾನಿ ನೇಚರ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಗ್ರೀಕ್ ಆಮೆಯ ದೊಡ್ಡ ಕರುಳಿನಲ್ಲಿ ಟ್ಯಾಕಿಗೊನೆಟ್ರಿಯಾ ಎಂಬ ಒಂದೇ ಕುಲದ ಸೂಜಿಹುಳುಗಳ ಹಲವು ಪ್ರಭೇದಗಳು ಒಟ್ಟಿಗೆ ಬಾಳುತ್ತವೆ. ಒಂದು ಕರುಳಿನ ಗೋಡೆಗೆ ಹತ್ತಿರ, ಇನ್ನೊಂದು ನಡುವಿನಲ್ಲಿ, ಮತ್ತೊಂದು ಇನ್ನಷ್ಟು ಹಿಂದೆ, ಹೀಗೆ ಜಾಗ ಹಂಚಿಕೊಂಡಿವೆ. ಲಕ್ಷಾಂತರ ವರ್ಷಗಳ ಸಹವಾಸ ಅದು. ಕಾಡಿನ ಆರೋಗ್ಯವಂತ ಆಮೆಗಳಲ್ಲೂ ಅವು ಇದ್ದೇ ಇರುತ್ತವೆ. ತೊಂದರೆ ಶುರುವಾಗುವುದು ನಾವು ಆಮೆಯನ್ನು ಮೇಜಿನಷ್ಟಗಲದ ಪೆಟ್ಟಿಗೆಯಲ್ಲಿ ಇಟ್ಟಾಗ. ಕಾಡಿನಲ್ಲಿ ಹಿಕ್ಕೆ ಹಾಕಿದ ಜಾಗ ಬಿಟ್ಟು ಮುಂದೆ ಹೋಗುತ್ತದೆ. ಪೆಟ್ಟಿಗೆಯಲ್ಲಿ ಅದೇ ಮೊಟ್ಟೆಗಳನ್ನು ಸೊಪ್ಪಿನ ಜೊತೆ ಮತ್ತೆ ಮತ್ತೆ ನುಂಗುತ್ತದೆ. ಇಲ್ಲಿ ಹುಳುವಿಗಿಂತ ಪೆಟ್ಟಿಗೆಯ ತಪ್ಪೇ ಹೆಚ್ಚು.

ಮರಳುಗಾಡಿನ ಕನ್ನಡಿಗ (ಟೂಸಾನ್, ಅರಿಜೋನಾ)

ಸಂಗಾತಿಯವರೇ, ಕೇಳಲು ಚೆನ್ನಾಗಿದೆ. ಆದರೆ ಎಲ್ಲರಿಗೂ ಆಮೆ ವೈದ್ಯರು ಕೈಗೆಟಕುವುದಿಲ್ಲ, ಎಟಕಿದರೂ ಖರ್ಚು ಕಡಿಮೆಯೇನಲ್ಲ. ನಮ್ಮ ಹಿತ್ತಿಲಿನಲ್ಲಿ ಸೊನೋರಾ ಮರುಭೂಮಿಯ ಆಮೆ ಇದೆ. ಇಲ್ಲಿನ ವನ್ಯಜೀವಿ ಇಲಾಖೆಯ ದತ್ತು ಯೋಜನೆಯಲ್ಲಿ ಬಂದದ್ದು, ಅದನ್ನು ಮತ್ತೆ ಕಾಡಿಗೆ ಬಿಡುವಂತಿಲ್ಲ, ಕೊನೆಯವರೆಗೆ ನಮ್ಮದೇ ಹೊಣೆ. ಇಲ್ಲಿ ಎಷ್ಟೋ ಜನ ವಸಂತದಲ್ಲಿ ಆಮೆ ಚಳಿಗಾಲದ ನಿದ್ದೆ ಮುಗಿಸಿ ಬಿಲದಿಂದ ಎದ್ದ ಮೇಲೆ ಫೆನ್‌ಬೆಂಡಜೋಲ್ ಕೊಡುತ್ತಾರೆ, ನಾನೂ ಕೊಡುತ್ತೇನೆ. ಯಾವ ತೊಂದರೆಯೂ ಕಂಡಿಲ್ಲ. ಮಕ್ಕಳಿಗೆ ಶಾಲೆಯಲ್ಲಿ ಪರೀಕ್ಷೆ ಮಾಡದೆಯೇ ಅಲ್ಬೆಂಡಜೋಲ್ ಮಾತ್ರೆ ಕೊಡುವುದಿಲ್ಲವೇ? ಸುರಕ್ಷಿತ ಔಷಧಿಗೆ ಇಷ್ಟೊಂದು ಭಯ ಹುಟ್ಟಿಸಿದರೆ ಜನ ಏನೂ ಮಾಡದೆ ಬಿಡುತ್ತಾರೆ.

ಪಶುವೈದ್ಯೆ

ವೈದ್ಯರು ಸಿಗುವುದಿಲ್ಲ ಎಂಬ ನಿಮ್ಮ ಸಂಕಟ ನಿಜವಾದದ್ದು. ಕರ್ನಾಟಕದಲ್ಲೂ ಬೆಂಗಳೂರು ಬಿಟ್ಟರೆ ಆಮೆಯ ವಿಷಯ ಬಲ್ಲ ವೈದ್ಯರನ್ನು ಹುಡುಕುವುದೇ ಕಷ್ಟ. ಆದರೂ ಔಷಧಿಯ ಬಗ್ಗೆ ನಿಮ್ಮ ವಾದವನ್ನು ನಾನು ಒಪ್ಪುವುದಿಲ್ಲ.

ಶಾಲೆಯ ಮಾತ್ರೆಯ ಹಿಂದೆ ಲೆಕ್ಕವಿದೆ: ಆ ಪ್ರದೇಶದ ಮಕ್ಕಳಲ್ಲಿ ಎಷ್ಟು ಜನರಿಗೆ ಹುಳುವಿದೆ, ಒಂದು ಪ್ರಮಾಣದಿಂದ ಎಷ್ಟು ಲಾಭ ಎಂದು ಅಳೆದು ನೋಡಿದ್ದಾರೆ. ಆ ಔಷಧಿ ಆ ಜೀವಿಯಲ್ಲೇ ಪರೀಕ್ಷೆಯಾಗಿದೆ. ಫೆನ್‌ಬೆಂಡಜೋಲ್ ನಾಯಿಯಲ್ಲಿ, ದನದಲ್ಲಿ ಬಹಳ ಸೌಮ್ಯ. ಅದು ಹುಳುವಿನ ಜೀವಕೋಶದೊಳಗಿನ ಟ್ಯೂಬುಲಿನ್ ಎಂಬ ಪ್ರೋಟೀನನ್ನು ಹಿಡಿದು ನಿಲ್ಲಿಸುತ್ತದೆ. ಪ್ರಮಾಣ ಮೀರಿದರೆ ವೇಗವಾಗಿ ಒಡೆದು ಹೆಚ್ಚುವ ಸ್ವಂತ ಕೋಶಗಳಿಗೂ ಏಟು ಬೀಳುತ್ತದೆ, ಮುಖ್ಯವಾಗಿ ಮೂಳೆಮಜ್ಜೆಗೆ ಮತ್ತು ಕರುಳಿನ ಒಳಪದರಕ್ಕೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದೇ ಹರ್ಮನ್ ಆಮೆಗಳಿಗೆ ಕಿಲೋಗೆ 50 ಮಿಲಿಗ್ರಾಂನಂತೆ ಐದು ದಿನ, ಬಿಡುವು ಕೊಟ್ಟು ಮತ್ತೆ ಐದು ದಿನ ಕೊಟ್ಟು ರಕ್ತ ನೋಡಿದರು. ಸೋಂಕಿಗೆ ಮೊದಲು ಎದುರು ನಿಲ್ಲುವ ಬಿಳಿರಕ್ತಕಣಗಳು ಕುಸಿದು, ಬಹುಕಾಲ ಹಾಗೆಯೇ ಇದ್ದವು. ಹೊರಗಿನಿಂದ ನೋಡಿದರೆ ಆಮೆಗಳು ಚೆನ್ನಾಗಿಯೇ ಇದ್ದವು. ತೊಂದರೆ ಕಂಡಿಲ್ಲ ಎಂದು ನೀವು ಹೇಳುವಾಗ ನಾನು ಕೇಳುವುದು ಒಂದೇ: ರಕ್ತ ನೋಡಿದ್ದೀರಾ?

ಬಿಲದಿಂದ ಎದ್ದ ಹೊತ್ತಿನಲ್ಲಿ ಆಮೆಯ ಬಿಳಿರಕ್ತಕಣಗಳು ಮೊದಲೇ ಕಡಿಮೆ ಇರುತ್ತವೆ, ಮೈಯಲ್ಲಿ ನೀರೂ ಕಡಿಮೆ. ಪ್ರತಿ ವಸಂತದಲ್ಲಿ ಆ ಹೊತ್ತನ್ನೇ ಆರಿಸಿಕೊಂಡು ಔಷಧಿ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ನೀರು, ಬಿಸಿಲು, ಊಟ. ಆಮೇಲೆ ಪರೀಕ್ಷೆ.

ಮರಳುಗಾಡಿನ ಕನ್ನಡಿಗ

ರಕ್ತ ಪರೀಕ್ಷೆ ಮಾಡಿಸಿಲ್ಲ. ಹಿಕ್ಕೆಯ ಪರೀಕ್ಷೆ ಈ ವರ್ಷ ಮಾಡಿಸುತ್ತೇನೆ. ಆದರೆ ದೂರದ ಊರುಗಳಲ್ಲಿರುವವರಿಗೆ ಒಂದು ಸುರಕ್ಷಿತ ಪ್ರಮಾಣವನ್ನು ಬಹಿರಂಗವಾಗಿ ತಿಳಿಸುವುದೇ ಒಳ್ಳೆಯದು ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ತಿಳಿಸದಿದ್ದರೆ ಅವರು ಊಹೆಯಿಂದ ಕೊಡುತ್ತಾರೆ.

ಪಶುವೈದ್ಯೆ

ಸರಿ, ಮುಚ್ಚಿಡುವುದರಿಂದ ಯಾರಿಗೂ ಉಪಯೋಗವಿಲ್ಲ. ಪುಸ್ತಕಗಳಲ್ಲಿ ಆಮೆಗೆ ಹೇಳುವ ಪ್ರಮಾಣ ಸಾಮಾನ್ಯವಾಗಿ ಕಿಲೋಗೆ 50ರಿಂದ 100 ಮಿಲಿಗ್ರಾಂ ನಡುವೆ ಇರುತ್ತದೆ. ಒಮ್ಮೆ ಕೊಟ್ಟು ಎರಡು ವಾರದ ನಂತರ ಪುನರಾವರ್ತಿಸುವುದು ಒಂದು ರೂಢಿ. ಮೇಲೆ ಹೇಳಿದ ಅಧ್ಯಯನದ ನಂತರ ನಾನು ಕೆಳಗಿನ ತುದಿಯಲ್ಲೇ ನಿಲ್ಲುತ್ತೇನೆ, ಸಾಲಾಗಿ ಹಲವು ದಿನ ಕೊಡುವುದಿಲ್ಲ. ಆದರೆ ಮನೆಯಲ್ಲಿ ಕೊಡುವವರು ಎಡವುವುದು ಹೆಚ್ಚಾಗಿ ಲೆಕ್ಕದಲ್ಲಿ. ಗುಂಡನ ತೂಕವನ್ನೇ ಹಿಡಿದು ತೋರಿಸುತ್ತೇನೆ.

640 ಗ್ರಾಂ, ಕಿಲೋಗೆ 50 ಎಂದರೆ ಬೇಕಾದದ್ದು 32 ಮಿಲಿಗ್ರಾಂ. ಬಾಟಲಿಯ ಮೇಲೆ ಶೇಕಡಾ 10 ಎಂದಿದ್ದರೆ ಒಂದು ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಇದೆ, ಆಗ 0.32 ಮಿಲಿ. ಶೇಕಡಾ 2.5 ಎಂದಿದ್ದರೆ ಒಂದು ಮಿಲಿಯಲ್ಲಿ 25 ಮಿಲಿಗ್ರಾಂ, ಆಗ 1.28 ಮಿಲಿ. ಎರಡೂ ಬಾಟಲಿಗಳು ಅಂಗಡಿಯಲ್ಲಿ ಅಕ್ಕಪಕ್ಕದಲ್ಲೇ ಇರುತ್ತವೆ. ಒಂದಕ್ಕೆ ಹೇಳಿದ ಮಿಲಿಯನ್ನು ಇನ್ನೊಂದರಿಂದ ತೆಗೆದರೆ ನಾಲ್ಕು ಪಟ್ಟು ವ್ಯತ್ಯಾಸ. ಶೇಕಡಾ 10 ಎಂಬುದನ್ನು ಮಿಲಿಗೆ 10 ಮಿಲಿಗ್ರಾಂ ಎಂದು ಓದಿಕೊಂಡರೆ 3.2 ಮಿಲಿ ಹೋಗುತ್ತದೆ, ಹತ್ತು ಪಟ್ಟು. ಔಷಧಿ ಬಾಟಲಿಯ ತಳದಲ್ಲಿ ಕೂತಿರುತ್ತದೆ, ಚೆನ್ನಾಗಿ ಕುಲುಕದಿದ್ದರೆ ಮೇಲಿನ ತೆಳುನೀರು ಮೊದಲು, ಗಟ್ಟಿ ಕೊನೆಗೆ. ದನಗಳ ದೊಡ್ಡ ಗುಳಿಗೆಯನ್ನು ಚೂರು ಮಾಡಿ ಅಂದಾಜಿನಲ್ಲಿ ಕೊಡುವುದಂತೂ ಬೇಡವೇ ಬೇಡ. ಸಿರಿಂಜ್ ಒಂದು ಮಿಲಿಯದ್ದೇ ಆಗಿರಬೇಕು, ಐದು ಮಿಲಿಯ ಸಿರಿಂಜಿನಲ್ಲಿ 0.32ನ್ನು ಅಳೆಯಲಾಗದು.

ಈ ಅಂಕಿಗಳನ್ನು ಬರೆದದ್ದು ನಿಮ್ಮ ವೈದ್ಯರು ಕೊಟ್ಟ ಚೀಟಿಯನ್ನು ನೀವೇ ತಾಳೆ ನೋಡಲಿ ಎಂದು. ಕಾಯಿಲೆ ಬಿದ್ದ, ಊಟ ಬಿಟ್ಟ, ತೀರಾ ಮರಿ ಆಮೆಗೆ ಈ ಲೆಕ್ಕ ಹಿಡಿದುಕೊಂಡು ಯಾರೂ ಔಷಧಿ ಕೊಡಬೇಡಿ. ದುಂಡುಹುಳು ಹೆಚ್ಚಿರುವ ಆಮೆಯಲ್ಲಿ ಎಲ್ಲವೂ ಒಮ್ಮೆಲೇ ಸತ್ತರೆ ಆ ರಾಶಿಯೇ ಕರುಳಿಗೆ ಅಡ್ಡಬೀಳುತ್ತದೆ.

ಬಾಯಿ ಬಿಡಿಸಿ ಗಂಟಲಿಗೆ ಸುರಿಯಬೇಡಿ. ನಾಲಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ಇದೆ, ದ್ರವ ಅಲ್ಲಿಗೆ ಹೋದರೆ ಪುಪ್ಪುಸದ ಸೋಂಕು ತಗುಲಬಹುದು. ನಳಿಕೆಯಿಂದ ಹೊಟ್ಟೆಗೆ ಹಾಕುವುದನ್ನು ಕಲಿತವರು ಮಾಡಲಿ.

ದುರ್ಗದ ಹುಡುಗ (ಚಿತ್ರದುರ್ಗ)

ಮೇಡಂ, ನನ್ನದೂ ಒಂದು ಪ್ರಶ್ನೆ. ನಮ್ಮ ಹೊಲದ ಬದುವಿನಲ್ಲಿ ಸಿಕ್ಕ ನಕ್ಷತ್ರ ಆಮೆಯನ್ನು ಮನೆಯವರು ತಂದು ಸಾಕಿದ್ದಾರೆ. ಮನೆಯಲ್ಲಿದ್ದರೆ ಲಕ್ಷ್ಮಿ ಎಂದು ಅಜ್ಜಿ ಬಿಡಲು ಒಪ್ಪುವುದಿಲ್ಲ. ಕೆಲವು ದಿನಗಳಿಂದ ಹಿಕ್ಕೆ ನೀರಾಗಿದೆ, ಅನ್ನ ಕೊಟ್ಟರೂ ತಿನ್ನುತ್ತಿಲ್ಲ. ಹುಳುವಿರಬಹುದೇ? ಯಾವ ಮಾತ್ರೆ ಕೊಡಲಿ?

ಪಶುವೈದ್ಯೆ

ತಮ್ಮಾ, ಮಾತ್ರೆಯ ಹೆಸರು ಹೇಳುವುದಿಲ್ಲ. ನಿನ್ನ ಮೇಲೆ ಕೋಪವೂ ಇಲ್ಲ, ಆದರೆ ವಿಷಯ ಗಂಭೀರ.

ನಕ್ಷತ್ರ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಜೀವಿ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಅದು ಒಂದನೇ ಅನುಸೂಚಿಗೆ ಸೇರಿದೆ, ಹುಲಿ ಇರುವ ಪಟ್ಟಿ ಅದು. 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರವನ್ನೂ ಅತ್ಯಂತ ಬಿಗಿಯಾದ ಪಟ್ಟಿಗೆ ತಂದರು, ಏಕೆಂದರೆ ಕಳ್ಳಸಾಗಣೆ ಮಿತಿಮೀರಿತ್ತು. ಭಾರತದಲ್ಲಿ ಅದನ್ನು ಮನೆಯಲ್ಲಿ ಸಾಕುವುದು ಅಪರಾಧ. ಅದೃಷ್ಟ ತರುತ್ತದೆ ಎಂದು ನಂಬಿ ಪ್ರೀತಿಯಿಂದಲೇ ತಂದರೂ ಕಾನೂನು ಅದೇ.

ಅನ್ನವನ್ನು ಇಂದೇ ನಿಲ್ಲಿಸು. ತಟ್ಟೆಯಲ್ಲಿ ತೆಳುವಾಗಿ ನೀರು ಇಡು, ಬಿಸಿಲೂ ನೆರಳೂ ಸಿಗುವ ಸುರಕ್ಷಿತ ಜಾಗದಲ್ಲಿ ಬಿಡು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ಹೀಗೊಂದು ಆಮೆ ಇದೆ, ಕಾಯಿಲೆ ಬಿದ್ದಿದೆ, ಒಪ್ಪಿಸುತ್ತೇವೆ ಎಂದು ಹೇಳು. ಹೆದರಿಕೊಂಡು ರಾತ್ರಿ ಹೊಲಕ್ಕೆ ಬಿಟ್ಟು ಬರಬೇಡ. ಮನೆಯಲ್ಲಿದ್ದಾಗ ಬೇರೆ ಪ್ರಾಣಿಗಳಿಂದ ಅಂಟಿದ ಸೋಂಕನ್ನು ಅದು ಹೊಲದ ಇತರ ಆಮೆಗಳಿಗೆ ಹೊತ್ತೊಯ್ಯಬಹುದು. 2018ರ ನವೆಂಬರ್‌ನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳನ್ನು ಕರ್ನಾಟಕಕ್ಕೆ ಮರಳಿ ತಂದಾಗಲೂ ಅವನ್ನು ನೇರವಾಗಿ ಕಾಡಿಗೆ ಬಿಡಲಿಲ್ಲ, ಮೊದಲು ಪ್ರತ್ಯೇಕವಾಗಿ ಇಟ್ಟು ಆರೋಗ್ಯ ನೋಡಿದರು.

ಅಜ್ಜಿಗೆ ಹೀಗೆ ಹೇಳಿ ನೋಡು: ಆಮೆ ಕೂರ್ಮಾವತಾರದ ರೂಪ, ಅದು ಕಾಯಿಲೆಯಿಂದ ನರಳುವುದು ಮನೆಗೆ ಶ್ರೇಯಸ್ಸಲ್ಲ, ವೈದ್ಯರಿರುವ ಕಡೆ ಕಳಿಸೋಣ.

ದುರ್ಗದ ಹುಡುಗ

ಆಯಿತು ಮೇಡಂ. ಅಪ್ಪನ ಜೊತೆ ಮಾತನಾಡಿದ್ದೇನೆ, ನಾಳೆ ಬೆಳಿಗ್ಗೆ ಕರೆ ಮಾಡುತ್ತೇವೆ.

ಪುಟ್ಟಿಯ ಅಮ್ಮ (ರೆಡಿಂಗ್, ಇಂಗ್ಲೆಂಡ್)

ನಮ್ಮ ಮಗಳಿಗೆ ನಾಲ್ಕು ವರ್ಷ, ಹಾರ್ಸ್‌ಫೀಲ್ಡ್ ಆಮೆಯನ್ನು ಬಿಟ್ಟಿರುವುದಿಲ್ಲ. ಈ ಹುಳು ಮಕ್ಕಳಿಗೆ ಬರುತ್ತದೆಯೇ?

ಪಶುವೈದ್ಯೆ

ಆಮೆಯ ಸೂಜಿಹುಳು ಮನುಷ್ಯರಿಗೆ ಬರುವುದಿಲ್ಲ. ಮಕ್ಕಳ ಸೂಜಿಹುಳು ಬೇರೆ ಜಾತಿ. ನೀವು ಚಿಂತಿಸಬೇಕಾದದ್ದು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಬಗ್ಗೆ, ಅದನ್ನು ಆರೋಗ್ಯವಂತ ಆಮೆಯೂ ಹೊತ್ತಿರಬಹುದು. ಅಮೆರಿಕದಲ್ಲಿ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಿದ್ದು ಮಕ್ಕಳು ಅವನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುತ್ತಿದ್ದರು ಎಂಬ ಕಾರಣಕ್ಕೆ. ಐದು ವರ್ಷದೊಳಗಿನ ಮಕ್ಕಳು ನೋಡಿ ಸಂತೋಷಪಡಲಿ, ಮುಟ್ಟುವುದು ದೊಡ್ಡವರಿಗಿರಲಿ. ಮುಟ್ಟಿದರೆ ಸೋಪಿನಿಂದ ಕೈ ತೊಳೆಸಿ. ಸ್ನಾನದ ನೀರನ್ನು ಅಡುಗೆಮನೆಯ ಸಿಂಕಿಗೆ ಚೆಲ್ಲಬೇಡಿ.

ಹೇಮಾವತಿಯ ಮಗಳು

ಎಲ್ಲರಿಗೂ ಸುದ್ದಿ ಹೇಳಬೇಕು. ವೈದ್ಯರ ಬಳಿ ಹೋಗಿ ಬಂದೆವು. ದೀಪ ಬದಲಿಸಿ 34 ಡಿಗ್ರಿಗೆ ತಂದ ಮೇಲೆ ಗುಂಡನ ನಡಿಗೆಯೇ ಬೇರೆಯಾಗಿದೆ. ದಿನವೂ ಸ್ನಾನ ಮಾಡಿಸಿದ್ದರಿಂದ ಯೂರೇಟ್ ಈಗ ನುಣುಪಾಗಿದೆ.

ಸೂಕ್ಷ್ಮದರ್ಶಕದಲ್ಲಿ ವೈದ್ಯರು ನನಗೂ ತೋರಿಸಿದರು. ಒಂದು ಬದಿ ಚಪ್ಪಟೆಯಾಗಿ, ಇನ್ನೊಂದು ಬದಿ ಉಬ್ಬಿದ ಮೊಟ್ಟೆಗಳು ತುಂಬಾ ಇದ್ದವು, ಸೂಜಿಹುಳುವಿನವು. ದುಂಡುಹುಳುವಿನ ಮೊಟ್ಟೆ ಒಂದೂ ಇಲ್ಲ. ಏಕಕೋಶ ಜೀವಿಗಳು ಇವೆ, ಆದರೆ ಹೆಕ್ಸಾಮಿಟಾ ಕಾಣಲಿಲ್ಲ. ಅವುಗಳಿಗೆ ಮೆಟ್ರೋನಿಡಜೋಲ್ ಎಂಬ ಔಷಧಿ ಬೇಡ ಎಂದರು. ನಾರು ಜೀರ್ಣಿಸುವ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಅದು ಕೊಲ್ಲುತ್ತದಂತೆ. ಸಿಹಿ ನಿಂತು ಶಾಖ ಸರಿಹೋದರೆ ತಾವಾಗಿಯೇ ಇಳಿಯುತ್ತವೆ ಎಂದರು.

ತೂಕ ಇಳಿಯುತ್ತಿದ್ದುದರಿಂದ ಫೆನ್‌ಬೆಂಡಜೋಲ್ ಒಮ್ಮೆ ಅಲ್ಲೇ ನಳಿಕೆಯಿಂದ ಕೊಟ್ಟರು. ಎರಡನೆಯದನ್ನು ಎರಡು ವಾರದ ನಂತರ ಮನೆಯಲ್ಲಿ ಕೊಡಲು ಸಿರಿಂಜಿಗೆ ತುಂಬಿಸಿ, ಹೆಸರು ಬರೆದು ಕೈಗಿತ್ತರು. ಡ್ಯಾಂಡೆಲಿಯನ್ ಎಲೆಯೊಂದರ ಮೇಲೆ ಸವರಿ, ಸುರುಳಿ ಸುತ್ತಿ, ಹಸಿದಿರುವಾಗ ಮೊದಲ ತುತ್ತಾಗಿ ಕೊಡಬೇಕಂತೆ. ಡಾಕ್ಟರೇ, ನನ್ನ ಸೋದರತ್ತೆಯೂ ಬೇವಿನ ವಿಷಯ ಕೇಳುತ್ತಿದ್ದಾರೆ, ನೀವು ಬರೆದದ್ದನ್ನೇ ಓದಿ ಹೇಳಿದೆ. ಇನ್ನು ಆವರಣವನ್ನು ಹೇಗೆ ಶುದ್ಧ ಮಾಡಲಿ?

ಚಿಪ್ಪಿನ ಸಂಗಾತಿ

ಒಳ್ಳೆಯ ಸುದ್ದಿ ಅಕ್ಕ. ಹಳೆಯ ಮಣ್ಣನ್ನು ಪೂರ್ತಿ ತೆಗೆದು ಕಸಕ್ಕೆ ಹಾಕಿ, ತೋಟದ ಗೊಬ್ಬರಕ್ಕೆ ಸೇರಿಸಬೇಡಿ. ಹುಳುವಿನ ಮೊಟ್ಟೆಯ ಕವಚ ಮಾಮೂಲಿ ಸೋಂಕುನಿವಾರಕಕ್ಕೆ ಜಗ್ಗುವುದಿಲ್ಲ, ಕುದಿನೀರು ಅಥವಾ ಹಬೆಯೇ ಬೇಕು. ಕಲ್ಲು, ನೀರಿನ ತಟ್ಟೆ, ಮಲಗುವ ಗೂಡು ಎಲ್ಲದರ ಮೇಲೂ ಕುದಿನೀರು ಸುರಿದು ಬಿಸಿಲಿಗೆ ಇಡಿ. ಚಿಕಿತ್ಸೆ ಮುಗಿಯುವವರೆಗೆ ಮಣ್ಣಿನ ಬದಲು ಕಾಗದ ಹಾಸಿ ದಿನವೂ ಬದಲಿಸಿ. ಹಿಕ್ಕೆ ಕಂಡ ಕೂಡಲೇ ಎತ್ತಿ. ಸೊಪ್ಪನ್ನು ನೆಲದ ಮೇಲೆ ಹಾಕದೆ ಹಂಚಿನ ಚೂರಿನ ಮೇಲೋ ಚಪ್ಪಡಿಯ ಮೇಲೋ ಇಡಿ, ಅದನ್ನು ದಿನವೂ ತೊಳೆಯಿರಿ. ತೋಟದಲ್ಲಿ ಗೂಡಿದ್ದರೆ ಜಾಗ ಬದಲಿಸಿ. ಆಮೆ ಮಣ್ಣು ಅಗೆಯುವ ಜೀವಿ, ಕಾಗದದ ಮೇಲೆ ಚಡಪಡಿಸುತ್ತದೆ. ಆದ್ದರಿಂದ ಬೇಕಾದದ್ದಕ್ಕಿಂತ ಒಂದು ದಿನವೂ ಹೆಚ್ಚು ಕಾಗದದ ಮೇಲೆ ಇಡಬೇಡಿ.

ಪಶುವೈದ್ಯೆ

ಎರಡನೆಯ ಪ್ರಮಾಣವಾದ ಕೂಡಲೇ ಮತ್ತೆ ಪರೀಕ್ಷೆಗೆ ಓಡಬೇಡಿ. ಆಮೆಯ ಕರುಳು ನಿಧಾನ, ಮೊಟ್ಟೆಗಳು ಹಿಕ್ಕೆಯಿಂದ ಮರೆಯಾಗಲು ವಾರಗಳೇ ಹಿಡಿಯಬಹುದು. ನಾಲ್ಕೈದು ವಾರ ಬಿಟ್ಟು ಮಾದರಿ ಕೊಡಿ. ಆಗಲೂ ಒಂದಿಷ್ಟು ಮೊಟ್ಟೆ ಕಂಡರೆ, ತೂಕ ಏರುತ್ತಿದ್ದರೆ, ಮೂರನೆಯ ಪ್ರಮಾಣಕ್ಕೆ ಆತುರಪಡಬೇಡಿ. ಸೊನ್ನೆಯಾಗಲೇಬೇಕು ಎಂಬ ಹಟ ಬೇಡ.

ಹೇಮಾವತಿಯ ಮಗಳು

ಎರಡನೆಯದನ್ನೂ ಕೊಟ್ಟು, ಹೇಳಿದಷ್ಟು ವಾರ ಬಿಟ್ಟು ಪರೀಕ್ಷೆ ಮಾಡಿಸಿದೆವು. ಮೊಟ್ಟೆಗಳು ಬಹಳ ಕಡಿಮೆಯಾಗಿವೆ, ತೂಕ 668 ಗ್ರಾಂ. ಇಲ್ಲಿನ ವೈದ್ಯರೂ ಔಷಧಿ ಇಲ್ಲಿಗೇ ಸಾಕು ಎಂದರು. ಈಗ ಚಳಿ ಹತ್ತಿರ ಬರುತ್ತಿದೆ. ಅಜ್ಜ ಪ್ರತಿ ವರ್ಷ ಗುಂಡನನ್ನು ಚಳಿಗಾಲದಲ್ಲಿ ಮಲಗಿಸುತ್ತಿದ್ದರಂತೆ. ಈ ಸಲ ಮಲಗಿಸಲೇ?

ಪಶುವೈದ್ಯೆ

ಈ ಚಳಿಗಾಲ ಬೇಡ. ಮಲಗಿಸುವ ಮೊದಲು ವಾರಗಟ್ಟಲೆ ಊಟ ನಿಲ್ಲಿಸಿ ಕರುಳು ಖಾಲಿಯಾಗಲು ಬಿಡಬೇಕು, ಆಮೇಲೆ ತಿಂಗಳುಗಟ್ಟಲೆ ಐದು ಡಿಗ್ರಿಯ ಆಸುಪಾಸಿನಲ್ಲಿ ಉಪವಾಸ. ಈಗಷ್ಟೇ ತೂಕ ಹಿಡಿಯುತ್ತಿರುವ, ಔಷಧಿ ಉಂಡ ಆಮೆಗೆ ಅದು ಭಾರ. ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ಗಂಟೆ ಬೆಳಕು, ಅದೇ ಶಾಖ ಕೊಟ್ಟು ಎಚ್ಚರವಾಗಿಯೇ ಇಡಿ. ಅರ್ಧ ತಣ್ಣಗೆ, ಅರ್ಧ ಬೆಚ್ಚಗೆ ಇಟ್ಟರೆ ತಿನ್ನುವುದೂ ಇಲ್ಲ, ಮಲಗುವುದೂ ಇಲ್ಲ, ಅದು ಎರಡಕ್ಕಿಂತಲೂ ಕೆಟ್ಟದ್ದು. ಮುಂದಿನ ವರ್ಷ ಮಲಗಿಸುವುದಾದರೆ ಬೇಸಿಗೆಯ ಕೊನೆಯಲ್ಲೇ ಹಿಕ್ಕೆ ಪರೀಕ್ಷೆ ಮಾಡಿಸಿ, ಔಷಧಿ ಬೇಕೆಂದರೂ ಆಗ ಕೊಟ್ಟು ಮುಗಿಸಲು ಸಮಯವಿರುತ್ತದೆ.

ಹೇಮಾವತಿಯ ಮಗಳು

ಹಾಗಾದರೆ ಚಳಿಗಾಲದಲ್ಲಿ ಡ್ಯಾಂಡೆಲಿಯನ್ ಎಲ್ಲಿಂದ ತರಲಿ? ಅಂಗಡಿಯ ಸೊಪ್ಪು ಬರೀ ನೀರು.

ಚಿಪ್ಪಿನ ಸಂಗಾತಿ

ಈಗಲೇ ಬಿತ್ತಿರಿ ಅಕ್ಕ. ಡ್ಯಾಂಡೆಲಿಯನ್, ಪ್ಲಾಂಟೇನ್ ಕಳೆ, ಕ್ಲೋವರ್ ಬೀಜಗಳು ಆಮೆಗೆಂದೇ ಮಿಶ್ರಣವಾಗಿ ಸಿಗುತ್ತವೆ. ಮೂರು ನಾಲ್ಕು ತಟ್ಟೆಗಳಲ್ಲಿ ಹೊಸ ಮಣ್ಣು ಹಾಕಿ, ಎರಡೆರಡು ವಾರ ಬಿಟ್ಟು ಒಂದೊಂದನ್ನು ಬಿತ್ತುತ್ತಾ ಹೋಗಿ, ದಕ್ಷಿಣದ ಕಿಟಕಿಯಲ್ಲಿ ಇಡಿ. ಒಂದನ್ನು ಕೊಯ್ದು ಮುಗಿಸುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಗುಂಡನನ್ನು ತಟ್ಟೆಯ ಮೇಲೆ ಬಿಟ್ಟು ಮೇಯಿಸಬೇಡಿ, ಮಣ್ಣಿಗೆ ಮೊಟ್ಟೆ ಸೇರುತ್ತದೆ. ಕತ್ತರಿಯಿಂದ ಕೊಯ್ದು ಚಪ್ಪಡಿಯ ಮೇಲೆ ಹಾಕಿ. ಬೀಜ ಹೆಚ್ಚಾದರೆ ರೆಡಿಂಗಿನ ಪುಟ್ಟಿಯ ಅಮ್ಮನಿಗೂ ಅಂಚೆಯಲ್ಲಿ ಕಳಿಸಿ, ಹಾರ್ಸ್‌ಫೀಲ್ಡ್ ಆಮೆಗೂ ಇದೇ ಮೇವು.